ಖಂಡೇಪೂಜೆಗೆ ಪೂರ್ತಿ ಮಾಡಿದ ಕಂಪ್ಯೂಟರ್

ಇಳಕಲ್ಲಿನಲ್ಲಿ ಕೆಲವರು ನನ್ನನ್ನು ಈಗಲೂ "ಸಾವ್ಕಾರ್ರ ಕಂಪ್ಯೂಟರ್ ಕೆಡಿಸಿದಾಕಿ" ಎಂದೇ ಗುರುತಿಸುತ್ತಾರೆ. ಎದುರಿಗೆ ಹೇಳುವುದಿಲ್ಲ. ನಾನು ದಾಟಿ ಹೋದ ಮೇಲೆ, ಇನ್ನೂ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿರುವಾಗಲೇ, ಗೊತ್ತಿಲ್ಲದವರಿಗೆ ತಿಳಿಸಿ ಹೇಳುತ್ತಾರೆ. ಮೊದಮೊದಲು ತಿರುಗಿ ನಿಂತು ಜಗಳಾಡುತ್ತಿದ್ದೆ. ಬ್ರೌಸರ್ ಎಂದರೇನು, ಅದನ್ನು ಯಾಕೆ ತೆಗೆಸಿದೆ, ಮತ್ತೆ ಯಾರು ಹಾಕಿದರು ಎಂದು ನಡುಬೀದಿಯಲ್ಲಿ ನಿಂತು ವಿವರಿಸುತ್ತಿದ್ದೆ. ಕೇಳಿದವರು ತಲೆಯಾಡಿಸಿ "ಹೌದ್ ಬಿಡವಾ" ಎಂದು ತಮ್ಮ ದಾರಿ ಹಿಡಿಯುತ್ತಿದ್ದರು. ಆ "ಹೌದ್ ಬಿಡವಾ" ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮದು ನೇಕಾರರ ಮನೆ. ಅಪ್ಪ ಕುಣಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ, ಅವ್ವ ಸೆರಗಿಗೆ ಕಸೂತಿ ಹಾಕುತ್ತಿದ್ದಳು. ಅವ್ವನ ತವರು ಬಾದಾಮಿ ಕಡೆ, ಶಿವಯೋಗ ಮಂದಿರದ ಹತ್ತಿರ. ಕಸೂತಿಯನ್ನು ಅವಳು ಅಲ್ಲಿಯೇ ತನ್ನ ಅವ್ವನಿಂದ ಕಲಿತಿದ್ದಳು. ಆ ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವ ಪದ್ಧತಿ ಇಲ್ಲ. ಎಳೆ ಎಣಿಸಿ ಸೂಜಿ ಎತ್ತಬೇಕು, ಹೋದ ದಾರಿಯಲ್ಲೇ ತಿರುಗಿ ಬರಬೇಕು, ಹಿಂದೆ ಮುಂದೆ ಎರಡೂ ಮಗ್ಗಲು ಒಂದೇ ತರ ಕಾಣಬೇಕು. ಆನೆ, ತೊಟ್ಟಿಲು, ತುಳಸಿಕಟ್ಟೆಗಳನ್ನು ನಮ್ಮ ಓಣಿಯಲ್ಲಿ ಹಲವರು ಹಾಕುತ್ತಿದ್ದರು. ಸೆರಗಿನ ಅಂಚಿನಿಂದ ಎದ್ದು ಹೆಗಲವರೆಗೆ ಹೋಗುವ ದೊಡ್ಡ ಗೋಪುರವನ್ನು ಮಾತ್ರ ಅವ್ವನೊಬ್ಬಳೇ ಹಾಕುತ್ತಿದ್ದಳು. ಅದು ಯಾವ ಕಾಗದದಲ್ಲೂ ಇರಲಿಲ್ಲ. ಹಾಕಿದ ಸೀರೆಗಳೆಲ್ಲ ಮಾರಾಟಕ್ಕೆ ಹೋಗುತ್ತಿದ್ದವು. ಪುಣೆಗೆ, ಸೊಲ್ಲಾಪುರಕ್ಕೆ, ಎಲ್ಲೆಲ್ಲಿಗೋ. ನಮ್ಮ ಮನೆಯ ಟ್ರಂಕಿನಲ್ಲಿ ಒಂದೂ ಇರಲಿಲ್ಲ.

ನಾನು ಹಳೇ ಬಾಗಲಕೋಟೆಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಕಂಪ್ಯೂಟರ್ ಕಲಿತೆ. ಊರಿನ ಕೆಳಗಿನ ಭಾಗ ಆಣೆಕಟ್ಟೆಯ ನೀರಿಗೆ ಹೋಗುತ್ತದೆ ಎಂದು ಅಂಗಡಿಗಳೆಲ್ಲ ನವನಗರಕ್ಕೆ ಸಾಮಾನು ಸಾಗಿಸುತ್ತಿದ್ದ ಕಾಲ ಅದು. ಕಲಿತು ಬಂದ ಮೇಲೆ ಇಳಕಲ್ಲಿನ ಒಬ್ಬ ಸೀರೆ ಸಾವ್ಕಾರರ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅಪ್ಪ ನೇಯ್ದದ್ದು, ಅವ್ವ ಕಸೂತಿ ಹಾಕಿದ್ದು ಅದೇ ಅಂಗಡಿಗೆ ಹೋಗುತ್ತಿತ್ತು. ಸಾವ್ಕಾರರು ಕಂಪ್ಯೂಟರ್ ತಂದಿದ್ದರು, ಅದರ ಮುಂದೆ ಕೂರುವವರು ಯಾರೂ ಇರಲಿಲ್ಲ. ಎಲ್ಲರೂ "ನೈಂಟಿ ಎಯ್ಟ್" ಎಂದು ಕರೆಯುತ್ತಿದ್ದ ಆ ಕಾಲದ ಆಪರೇಟಿಂಗ್ ಸಿಸ್ಟಮ್ ಅದರಲ್ಲಿತ್ತು. ಬಿಲ್ಲು ಹೊಡೆಯುವುದು, ಸೀರೆಗಳ ಫೋಟೋ ಇಡುವುದು, ದೂರದೂರಿನ ಗಿರಾಕಿಗಳಿಗೆ ಮೇಲ್ ಬರೆಯುವುದು ನನ್ನ ಕೆಲಸ.

ಒಂದು ದಿನ ಪುಣೆಯ ಗಿರಾಕಿಯ ಹೆಸರಿನಲ್ಲಿ ಒಂದು ಮೇಲ್ ಬಂತು. ಪ್ರೇಮಪತ್ರ ಎಂಬ ಹೆಸರಿನ ಫೈಲೊಂದು ಬಾಲದಂತೆ ಅದಕ್ಕೆ ಅಂಟಿಕೊಂಡಿತ್ತು. ನಾನು ಊಟಕ್ಕೆ ಹೋಗಿದ್ದೆ, ಸಾವ್ಕಾರರೇ ಪ್ರೀತಿಯಿಂದ ಒತ್ತಿದರು. ಸಂಜೆಯೊಳಗೆ ಸೀರೆಗಳ ಫೋಟೋ ಎಲ್ಲ ಹಾಳಾದವು. ಸಾಲದ್ದಕ್ಕೆ ಅದೇ ಮೇಲ್ ನಮ್ಮ ಅಂಗಡಿಯ ಹೆಸರು ಹೊತ್ತು ನಮ್ಮ ಎಲ್ಲ ಗಿರಾಕಿಗಳಿಗೂ ಹೋಯಿತು. ಮರುದಿನ ಫೋನು ಒಂದೇ ಸಮನೆ ಹೊಡೆದುಕೊಂಡಿತು. ಬೈಸಿಕೊಳ್ಳುವುದಕ್ಕೆ ಸಾವ್ಕಾರರು ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಮಲಗಿದರು.

ಕಂಪ್ಯೂಟರ್ ರಿಪೇರಿಗೆ ಬಾಗಲಕೋಟೆಯಿಂದ ಒಬ್ಬರು ಬರುತ್ತಿದ್ದರು. ನಾನು ಅವರನ್ನು ಅಣ್ಣಾರ ಎಂದು ಕರೆಯುತ್ತಿದ್ದೆ. ಅವರು ಬಂದು ನೋಡಿ, ಚಹಾ ಕುಡಿಯುತ್ತ ಹೇಳಿದರು.

"ನೋಡ್ರಿ ಅಕ್ಕಾರ, ಈ ನೈಂಟಿ ಎಯ್ಟ್ ಕೂಡ ಒಂದು ಬ್ರೌಸರ್, ಒಂದು ಮೇಲ್ ಪ್ರೋಗ್ರಾಮ್ ನೀವು ಬ್ಯಾಡಂದ್ರೂ ಬರ್ತಾವ. ಎಲ್ಲಾರ ಮಷಿನ್ಯಾಗೂ ಅವ ಇರ್ತಾವ. ಹಿಂಗಾಗಿ ವೈರಸ್ ಬರಿಯಾವ್ರು ಅವಕ್ಕ ಹೊಂದಿಸೇ ಬರೀತಾರ. ಅವೆರಡೂ ಇಲ್ಲದಿದ್ರ ಇಂಥಾ ವೈರಸ್ಸಿಗೆ ಕಾಲೂರಾಕ ಜಾಗಾ ಇರೂದಿಲ್ಲ."

"ಹಂಗಾದ್ರ ತಗದುಬಿಡ್ರಿ," ಎಂದೆ.

"ತಗಿಯಾಕ ಬಿಡೂದಿಲ್ರಿ ಅದು. ಒಳಗ ಜೋಡಿಸಿಬಿಟ್ಟಾರ."

ಜೋಡಿಸುವುದೆಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಸೀರೆಯ ಮೈಯ ಹಾಸು, ಅಂದರೆ ಉದ್ದದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತೇವೆ. ಸೆರಗು ಬೇಡವೆಂದು ಎಳೆದರೆ ಮೈಯ ಎಳೆಯೂ ಕಿತ್ತು ಬರುತ್ತದೆ. ಅಣ್ಣಾರರ ಹತ್ತಿರ ಒಂದು ಫ್ಲಾಪಿ ಇತ್ತು. ಯಾರೋ ಹೊರದೇಶದವರು ಬರೆದ ಸಣ್ಣ ಪ್ರೋಗ್ರಾಮು, ಆ ಕೊಂಡಿಗಳನ್ನು ಹುಡುಕಿ ಬಿಚ್ಚುವಂಥದ್ದು. ಹಾಕಲೋ ಬೇಡವೋ ಎಂದು ಅವರು ತಲೆ ಕೆರೆದುಕೊಂಡರು. ನಾನು ಹಾಕಿಸಿದೆ, ಸಾವ್ಕಾರರು ಹೂಂ ಎಂದರು. ಅಣ್ಣಾರರೇ ತಮ್ಮ ಕೈಯಾರೆ ಅವೆರಡನ್ನೂ ತೆಗೆದರು. ಅಂಗಡಿಯ ಟೆಲಿಫೋನಿನಿಂದ ಕಂಪ್ಯೂಟರಿಗೆ ಬರುತ್ತಿದ್ದ ವೈರನ್ನೂ ಕಿತ್ತು ಸುತ್ತಿಟ್ಟರು. ಆಮೇಲಿಂದ ಮೇಲ್ ನೋಡಲು ನಾನು ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಗೆ ಹೋಗುತ್ತಿದ್ದೆ. ಬೇಕಾದ್ದನ್ನು ಓದಿ, ಗುಮಾನಿ ಬಂದದ್ದನ್ನು ಅಲ್ಲಿಯೇ ಅಳಿಸುತ್ತಿದ್ದೆ.

ಅದರಿಂದ ಆದ ಲಾಭ ಸುಳ್ಳಲ್ಲ. ಕಂಪ್ಯೂಟರ್ ಚುರುಕಾಯಿತು, ಪದೇಪದೇ ಸ್ತಬ್ಧವಾಗುವುದು ನಿಂತಿತು. ಮುಂದೆ ಒಂದರ ಹಿಂದೆ ಒಂದು ಮೇಲ್ ವೈರಸ್ ಬಂದಾಗ ಊರಿನ ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಗಳ ಆಫೀಸಿನಲ್ಲಿ ಗೋಳೋ ಎನ್ನುತ್ತಿದ್ದರು, ನಮ್ಮದು ತಣ್ಣಗೆ ಬಿಲ್ಲು ಹೊಡೆಯುತ್ತಿತ್ತು. ಸಾವ್ಕಾರರು ಬಂದವರೆದುರು "ನಮ್ಮ ಮಷಿನ್ನಿಗೆ ಏನೂ ಆಗೂದಿಲ್ಲ" ಎಂದು ಜಂಬ ಕೊಚ್ಚುತ್ತಿದ್ದರು. ಆಗ ತೆಗೆಸಿದವಳು ನಾನು ಎಂಬ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ಅದು ಬಂದದ್ದು ಆಮೇಲೆ.

ನಷ್ಟವೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಸಹಾಯದ ಪುಟಗಳು ತೆರೆಯುವುದು ನಿಂತಿತು, ಅವು ಬ್ರೌಸರಿನ ಬೆನ್ನ ಮೇಲೆ ಕೂತು ಬರುತ್ತಿದ್ದವಂತೆ. ಪ್ರೋಗ್ರಾಮಿನ ತೂತು ಮುಚ್ಚಲು ಕಂಪನಿಯವರು ಆಗಾಗ ಬಿಡುವ ತೇಪೆಗಳನ್ನು ತರಬೇಕಾದ ಪುಟವೂ ಆ ಬ್ರೌಸರಿನಲ್ಲಿ ಮಾತ್ರ ತೆರೆಯುತ್ತಿತ್ತು. ಹೊಸ ಆ್ಯಂಟಿವೈರಸ್ ಸಿಡಿ ಹಾಕಿದರೆ ಅದು ಮೊದಲು ಬ್ರೌಸರ್ ಎಲ್ಲಿ ಎಂದು ಕೇಳಿ, ಇಲ್ಲವೆಂದು ತಿಳಿದು ಒಳಗೆ ಬರಲು ಒಪ್ಪಲಿಲ್ಲ. ಕಳ್ಳ ಬರುವ ಬಾಗಿಲನ್ನು ನಾವು ಮುಚ್ಚಿದ್ದೆವು, ಕಾವಲುಗಾರನೂ ಅದೇ ಬಾಗಿಲಿನಿಂದ ಬರುತ್ತಿದ್ದ. ಇನ್ನು ಕಾಯುವವಳು ನಾನೇ. ಹೊರಗಿನ ಫ್ಲಾಪಿ ಒಂದನ್ನೂ ಒಳಗೆ ಬಿಡಲಿಲ್ಲ. ಅಂಗಡಿಯಲ್ಲಿದ್ದವರಿಗೆ, ಇದು ಹಾಸು ಏರಿಸಿದ ಮಗ್ಗ ಇದ್ದಂಗ, ನಾ ಇಲ್ಲದಾಗ ಕುಂಡ್ರಬ್ಯಾಡ್ರಿ ಎಂದೆ. ನಮ್ಮ ಓಣಿಯಲ್ಲಿ ಒಬ್ಬರ ಮಗ್ಗದಲ್ಲಿ ಇನ್ನೊಬ್ಬರು ಕೇಳದೆ ಇಳಿಯುವುದಿಲ್ಲ. ಆ ಮಾತು ಎಲ್ಲರಿಗೂ ತಟ್ಟನೆ ಅರ್ಥವಾಯಿತು, ಯಾರೂ ಮುಟ್ಟಲಿಲ್ಲ.

ಅದೇ ಹೊತ್ತಿಗೆ ಅವ್ವನ ಕಣ್ಣು ಮಂಜಾಗತೊಡಗಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ, ದೃಷ್ಟಿ ಇರುವಷ್ಟು ದಿನ ಇರುತ್ತದೆ ಎಂದು ನವನಗರದ ದವಾಖಾನೆಯಲ್ಲಿ ಹೇಳಿದರು. ಮನೆಗೆ ಬಂದ ಮೇಲೆ ಅವ್ವ ಕಣ್ಣಿನ ಬಗ್ಗೆ ಅಳಲಿಲ್ಲ. "ಗೋಪುರ ಯಾರಿಗೂ ಕಲಿಸಲಿಲ್ಲಲ್ಲ" ಎಂದಳು. ಕಲಿಯಲು ಯಾರೂ ಬಂದಿರಲಿಲ್ಲ. ಓಣಿಯ ಹುಡುಗಿಯರಿಗೆ ಅಷ್ಟು ಎಣಿಸುವ ತಾಳ್ಮೆ ಇರಲಿಲ್ಲ, ಮಗಳಾದ ನನ್ನ ಕೈಯಂತೂ ಸೂಜಿಗೆ ಒಗ್ಗಲೇ ಇಲ್ಲ.

ಕಂಪ್ಯೂಟರಿನಲ್ಲಿ ಚೌಕುಳಿ ತುಂಬಿ ನಮೂನೆ ಬರೆಯುವ ಒಂದು ಪ್ರೋಗ್ರಾಮು ಇತ್ತು. ಒಂದು ಹೊಲಿಗೆಗೆ ಒಂದು ಚೌಕುಳಿ ಎಂದು ಹಿಡಿದರೆ ಅವ್ವನ ತಲೆಯಲ್ಲಿದ್ದದ್ದೆಲ್ಲ ಅದರಲ್ಲಿ ಇಡಬಹುದಿತ್ತು. ಸಾವ್ಕಾರರನ್ನು ಕೇಳಿದೆ. ನಾಳೆ ಬೇರೆ ಹೆಂಗಸರಿಂದಲೂ ಹಾಕಿಸಬಹುದು ಎಂಬ ಲೆಕ್ಕ ಅವರಿಗೂ ಹೊಳೆಯಿತು, ಒಪ್ಪಿದರು. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ಅವ್ವ ಬಂದು ನನ್ನ ಪಕ್ಕ ಕುರ್ಚಿಯ ಮೇಲೆ ಕಾಲು ಮಡಚಿ ಕೂರುತ್ತಿದ್ದಳು. ತೊಡೆಯ ಮೇಲೆ ಒಂದು ತುಂಡು ಬಟ್ಟೆ, ಕೈಯಲ್ಲಿ ಸೂಜಿ. ಕಣ್ಣಿನ ಹತ್ತಿರ ತಂದುಕೊಂಡು ಒಂದೊಂದೇ ಹೊಲಿಗೆ ಹಾಕುತ್ತ ಹೇಳುವಳು, ನಾನು ಒತ್ತುವೆ. ತುಂಡು ತುಂಬಿದರೆ ದಾರ ಬಿಚ್ಚಿ ಅದರ ಮೇಲೆಯೇ ಮುಂದಿನದನ್ನು ಹಾಕುವಳು.

"ಎರಡ ಮ್ಯಾಲ, ಒಂದ ಅಡ್ಡ, ಮತ್ತ ಎರಡ ಮ್ಯಾಲ. ಇಲ್ಲಿ ಒಂದ ಎಳಿ ಬಿಡು. ಬಿಟ್ಟೀ?"

"ಬಿಟ್ಟೆ."

"ಬಿಡಲಿಲ್ಲಂದ್ರ ಗೋಪುರ ಸೊಟ್ಟ ಆಗ್ತದ. ನಾಳೆ ಯಾರರೇ ನೋಡಿ, ಈ ಮುದುಕಿಗೆ ಬರ್ತಿದ್ದಿಲ್ಲ ಅಂದಾರು."

ಗೋಪುರಕ್ಕೇ ಒಂದು ಬೇಸಿಗೆ ಹಿಡಿಯಿತು. ಮುಗಿದ ದಿನ ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದೆ. ಅವ್ವ ಮುಖವನ್ನು ಗಾಜಿಗೆ ಹತ್ತಿಸಿಕೊಂಡು ತುದಿಯಿಂದ ಬುಡದವರೆಗೆ ನೋಡಿದಳು. "ಅಗದಿ ಖರೆ ಬಂದೈತಿ" ಎಂದಳು. ಅವತ್ತು ಸಂಜೆ ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಮಾತಾಡಿದಳು, ಹಾಗೆ ಅವಳು ಮಾತಾಡಿದ್ದನ್ನು ನಾನು ಕಂಡದ್ದು ಕಡಿಮೆ.

ಕಾಗದದ ಮೇಲೆ ಯಾಕೆ ತೆಗೆದಿಡಲಿಲ್ಲ ಎಂದು ಈಗ ಬುದ್ಧಿವಂತರು ಕೇಳುತ್ತಾರೆ. ಸಣ್ಣ ನಮೂನೆಗಳನ್ನು ತೆಗೆದಿದ್ದೆ. ಗೋಪುರ ಒಂದು ಹಾಳೆಯಲ್ಲಿ ಹಿಡಿಯುತ್ತಿರಲಿಲ್ಲ, ಪ್ರಿಂಟರಿನ ರಿಬ್ಬನ್ ಬಿಲ್ಲಿಗೆ ಮಾತ್ರ ಎಂದು ಸಾವ್ಕಾರರು ಕಟ್ಟುನಿಟ್ಟು ಮಾಡಿದ್ದರು. ಫ್ಲಾಪಿಯಲ್ಲೂ ಇಟ್ಟಿದ್ದೆ. ಕಲ್ಲು ಕೊಯ್ಯುವ ಊರಿನ ಧೂಳಿಗೆ ಫ್ಲಾಪಿ ಎಷ್ಟು ದಿನ ತಡೆಯುತ್ತದೆ ಎಂಬುದನ್ನು ಆಮೇಲೆ ನೋಡಿದೆ. ಡ್ರೈವಿಗೆ ಹಾಕಿದರೆ ಕರಕರ ಸದ್ದು ಮಾಡಿ ಸುಮ್ಮನಾದವು.

ಆ ವರ್ಷ ದಸರೆಯ ಹೊತ್ತಿಗೆ ಅವ್ವನ ಕಣ್ಣಿಗೆ ಲೇಸರ್ ಹೊಡೆಸಲು ಅವಳನ್ನು ಬಾಗಲಕೋಟೆಗೆ ಕರೆದುಕೊಂಡು ಹೋದೆ. ಹಬ್ಬದ ದಿನಗಳಲ್ಲಿ ನಾವು ದವಾಖಾನೆಯಲ್ಲಿದ್ದೆವು. ಅಂಗಡಿಯಲ್ಲಿ ನಡೆದದ್ದನ್ನು ನನಗೆ ಆಮೇಲೆ ಹೇಳಿದವಳು ಅಲ್ಲಿ ಸೀರೆ ಮಡಿಸುವ ಹೆಂಗಸು. ಅವಳು ಹೇಳಿದ್ದರಲ್ಲಿ ಸುಳ್ಳು ಸೇರಿಸುವವಳಲ್ಲ, ಸೇರಿಸುವಷ್ಟು ಅವಳಿಗೆ ಕಂಪ್ಯೂಟರ್ ಗೊತ್ತೂ ಇರಲಿಲ್ಲ.

ಸಾವ್ಕಾರರ ಅಳಿಯ ಹಬ್ಬಕ್ಕೆ ಬಂದಿದ್ದ. ಹುಬ್ಬಳ್ಳಿಯಲ್ಲಿ ಏನೋ ಕಂಪ್ಯೂಟರ್ ಕೋರ್ಸ್ ಮಾಡಿದವನು, ಮಾತಿಗೊಮ್ಮೆ ಅದನ್ನು ಹೇಳುವವನು. ಆಯುಧಗಳಿಗೆ ಮಾಡುವ ಖಂಡೇಪೂಜೆಯ ಹಿಂದಿನ ದಿನ ತಕ್ಕಡಿ, ಗಜಕೋಲು, ಕತ್ತರಿ, ಕಂಪ್ಯೂಟರ್ ಎಲ್ಲವನ್ನೂ ಒರೆಸಿ ಇಡುತ್ತಿದ್ದರು. ಬೇರೆಯವರ ಮಗ್ಗದಲ್ಲಿ ಕೇಳದೆ ಇಳಿಯಬಾರದು ಎಂಬ ನೇಮ ಮನೆಯ ಅಳಿಯನಿಗೆ ಇರುವುದಿಲ್ಲ. ಅವನು ಕೂತ, ಶುರು ಮಾಡಿದ, ಬ್ರೌಸರ್ ಹುಡುಕಿದ, ಸಿಗಲಿಲ್ಲ.

"ಮಾವಾರ, ಈ ಮಷಿನ್ಯಾಗ ಅರ್ಧ ಸಾಮಾನು ಇಲ್ಲರಿ. ಯಾರೋ ಕಿತ್ತು ತಗದಾರ."

ಸಾವ್ಕಾರರು ಗಾಬರಿಯಾದರಂತೆ. ತಾವೇ ಹೂಂ ಎಂದದ್ದು ಅವರಿಗೆ ಮರೆತಿತ್ತೋ, ಅಳಿಯನೆದುರು ನೆನಪಾಗದೆ ಹೋಯಿತೋ. ಅವರಿಗೆ ಹೊಳೆದದ್ದು ಬೇರೆಯೇ ಒಂದು ಸಂಗತಿ. ಮುಕ್ಕಾದ ಮೂರ್ತಿಗೆ ಪೂಜೆ ಮಾಡುವುದಿಲ್ಲ. ಹಿಡಿ ಮುರಿದ ಕತ್ತರಿಯನ್ನು ಖಂಡೇಪೂಜೆಗೆ ಇಡುವುದಿಲ್ಲ. ಭಿನ್ನವಾದದ್ದಕ್ಕೆ ಕುಂಕುಮ ಹಚ್ಚಿದರೆ ಮನೆಗೆ ಒಳ್ಳೆಯದಲ್ಲ.

"ಭಿನ್ನ ಆದದ್ದನ್ನ ಪೂಜಿಗೆ ಹೆಂಗ ಇಡೂದು?" ಎಂದರಂತೆ. "ಎರಡ ವರ್ಷ ಗೊತ್ತಿಲ್ಲದ ಪೂಜಿ ಮಾಡೇವಿ ಅಂದಂಗಾತು."

"ನಾ ಪೂರ್ತಿ ಮಾಡ್ತೇನಿ ಬಿಡ್ರಿ ಮಾವಾರ. ಸಿಡಿ ಐತಲ್ಲ."

ಕಪಾಟಿನಲ್ಲಿ ಕಂಪ್ಯೂಟರ್ ಜೊತೆಗೆ ಬಂದಿದ್ದ ಸಿಡಿ ಇತ್ತು. ಅವನು ಅದನ್ನು ಹಾಕಿ ಬ್ರೌಸರನ್ನೂ ಮೇಲ್ ಪ್ರೋಗ್ರಾಮನ್ನೂ ಮರಳಿ ಕೂರಿಸಿದ. ಆ ಸಿಡಿ ಕಂಪ್ಯೂಟರ್ ಕೊಂಡ ಕಾಲದ್ದು. ಅದರಲ್ಲಿದ್ದ ಬ್ರೌಸರಿಗೆ ಹುಟ್ಟಿದಾಗಿನ ತೂತೆಲ್ಲ ಹಾಗೇ ಇದ್ದವು. ಅಷ್ಟರೊಳಗೆ ಜಗತ್ತಿನ ಕಳ್ಳರಿಗೆಲ್ಲ ಆ ತೂತುಗಳ ವಿಳಾಸ ಗೊತ್ತಾಗಿತ್ತು. ಮೊದಲಿಂದ ತೆಗೆಯದೆ ಇಟ್ಟು ತೇಪೆ ಹಚ್ಚುತ್ತ ಬಂದಿದ್ದರೂ ಇಷ್ಟು ಕೇಡಾಗುತ್ತಿರಲಿಲ್ಲ, ತೆಗೆದದ್ದನ್ನು ತೆಗೆದಂತೆಯೇ ಬಿಟ್ಟಿದ್ದರಂತೂ ಆಗುತ್ತಲೇ ಇರಲಿಲ್ಲ. ಹಳೆಯದನ್ನೇ ಹಾಗೇ ತಂದು ಕೂರಿಸಿದ್ದು ಎರಡಕ್ಕಿಂತಲೂ ಕೆಟ್ಟದ್ದು. ಅಳಿಯನಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ತಪ್ಪಲ್ಲ. ನಾನು ಬರುವವರೆಗೆ ಕಾಯಬಹುದಿತ್ತು, ಬಾಗಲಕೋಟೆಗೆ ಒಂದು ಫೋನ್ ಮಾಡಬಹುದಿತ್ತು. ಅಳಿಯಂದಿರು ಕೇಳುವುದಿಲ್ಲ.

ಸುತ್ತಿಟ್ಟಿದ್ದ ವೈರು ಬಿಚ್ಚಿ ಟೆಲಿಫೋನಿಗೆ ಹಾಕಿದ. ಅಂಗಡಿಯ ಮೇಲ್ ಎಲ್ಲ ದಬದಬ ಇಳಿಯಿತು. ನಾನು ಊರಲ್ಲಿಲ್ಲದ್ದರಿಂದ ಕೆಫೆಯಲ್ಲಿ ಅಳಿಸದೆ ಉಳಿದದ್ದೆಲ್ಲ ಅದರಲ್ಲಿತ್ತು. ಆ ಮೇಲ್ ಪ್ರೋಗ್ರಾಮು ನಾವು ಒತ್ತದಿದ್ದರೂ ಮೇಲಿನ ಪತ್ರವನ್ನು ತಾನೇ ಬಿಚ್ಚಿ ಕೆಳಗೆ ತೋರಿಸುವಂಥದ್ದು. ಅಷ್ಟು ಸಾಕಾಯಿತು. ಮನೆಮಂದಿ ಸುತ್ತ ನಿಂತು ಕ್ರಿಕೆಟ್ ಸ್ಕೋರ್ ನೋಡಿದರಂತೆ. ಮರುದಿನ ಪೂರ್ತಿಯಾದ ಕಂಪ್ಯೂಟರಿಗೆ ಚೆಂಡು ಹೂವಿನ ಹಾರ ಹಾಕಿ, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದರು.

ಲೇಸರಿನಿಂದ ಉಪಯೋಗವಾಗಲಿಲ್ಲ. ಬಲಗಣ್ಣು ಹೋಯಿತು, ಎಡಗಣ್ಣಿಗೆ ಬೆಳಕು ಕತ್ತಲೆ ಮಾತ್ರ ತಿಳಿಯುತ್ತಿತ್ತು. ಅವ್ವನನ್ನು ಮನೆಯಲ್ಲಿ ಬಿಟ್ಟು ಅಂಗಡಿಗೆ ಹೋದೆ. ಪರದೆಯ ಮೇಲೆ ಆ ಬ್ರೌಸರಿನ ಚಿತ್ರ ಕಂಡಿತು. ನಮೂನೆಗಳ ಫೋಲ್ಡರ್ ತೆರೆದೆ. ಹೆಸರುಗಳೆಲ್ಲ ಇದ್ದವು. ಆನೆ ಇತ್ತು, ತೊಟ್ಟಿಲು ಇತ್ತು, ತುಳಸಿಕಟ್ಟೆ ಇತ್ತು, ಗೋಪುರ ಇತ್ತು. ಒತ್ತಿದರೆ ಯಾವುದೂ ತೆರೆಯಲಿಲ್ಲ. ಅಳತೆ ನೋಡಿದರೆ ಸೊನ್ನೆ. ಆ ವೈರಸ್ಸು ಹೆಸರುಗಳನ್ನು ಹಾಗೇ ಬಿಟ್ಟು ಒಳಗಿನದ್ದನ್ನು ಮಾತ್ರ ಬರಿದು ಮಾಡುವಂಥದ್ದಾಗಿತ್ತು. ನಾನು ಒಂದೊಂದನ್ನೇ ಒತ್ತುತ್ತ ಹೋದೆ, ಮುಗಿದ ಮೇಲೆ ಮತ್ತೆ ಮೊದಲಿಂದ ಒತ್ತಿದೆ.

ಸಾವ್ಕಾರರು ಅಣ್ಣಾರರನ್ನು ಕರೆಸಿದರು. ಅಳಿಯ ಇನ್ನೂ ಇಲ್ಲೇ ಇದ್ದ. ಗಾದಿಯ ಮೇಲೆ ಸಾವ್ಕಾರರು, ಪಕ್ಕದಲ್ಲಿ ಅಳಿಯ, ಎದುರಿಗೆ ನಿಂತವಳು ನಾನು.

"ಇಕಿ ಮಷಿನ್ಯಾಗಿಂದು ಸಾಮಾನು ಕಿತ್ತು ಬಲಾನೇ ತಗದಾಳ್ರಿ," ಎಂದ ಅಳಿಯ. "ಹಂಗಾಗಿ ವೈರಸ್ ತಡಕೊಳ್ಳಾಕ ಆಗಿಲ್ಲ."

ನಾನು ಅಣ್ಣಾರರ ಮುಖ ನೋಡಿದೆ. ಫ್ಲಾಪಿ ತಂದವರು ಅವರು, ತೆಗೆದವರು ಅವರು, ಯಾಕೆ ತೆಗೆಯಬೇಕೆಂದು ನನಗೆ ತಿಳಿಸಿ ಹೇಳಿದವರು ಅವರು. ಅಂಗಡಿಯ ಪ್ರಿಂಟರಿನಿಂದ ಹಿಡಿದು ಸಾವ್ಕಾರರ ಬೀಗರ ಅಂಗಡಿಯ ಕಂಪ್ಯೂಟರಿನವರೆಗೆ ರಿಪೇರಿಯೆಲ್ಲ ಅವರದ್ದೇ. ಅವರು ಕೀಬೋರ್ಡಿಗೆ ಮೆತ್ತಿದ್ದ ಕುಂಕುಮವನ್ನು ಬೆರಳಿನಿಂದ ಒರೆಸುತ್ತ ಮೆಲ್ಲಗೆ ಹೇಳಿದರು.

"ಕಂಪನಿ ಜೋಡಿಸಿ ಕೊಟ್ಟದ್ದನ್ನ ತಗೀಬಾರದಾಗಿತ್ರಿ."

"ತಗದವರು ಯಾರು ಅಣ್ಣಾರ?" ಎಂದೆ.

"ತಗೀರಿ ಅಂದಾವ್ರು ನೀವ ಅಲ್ರಿ ಅಕ್ಕಾರ."

ಅದು ಸುಳ್ಳಲ್ಲ. ಅವತ್ತಿನ ಸಭೆಯಲ್ಲಿ ಸುಳ್ಳು ಹೇಳಿದವರು ಯಾರೂ ಇರಲಿಲ್ಲ, ನನ್ನ ಕೊರಳು ಹಿಸುಕಲು ನಿಜವೇ ಸಾಕಾಗಿತ್ತು. ನಾನು ಸಾವ್ಕಾರರ ಕಡೆ ತಿರುಗಿದೆ. "ಸಾವ್ಕಾರ್ರ, ಎರಡ ವರ್ಷ ಏನೂ ಆಗಿಲ್ಲ. ತಿರುಗಿ ಹಾಕಿದ ದಿನಾನ ಎಲ್ಲಾ ಹೋತು. ನೀವ ನೋಡ್ರಿ."

"ನೀ ತಗಸದಿದ್ರ ಅವರು ಹಾಕ್ತಿದ್ದಿಲ್ಲ ತಂಗಿ," ಎಂದರು ಸಾವ್ಕಾರರು. "ಪೂಜಿ ದಿನ ಮಷಿನ್ ಭಿನ್ನ ಆಗಿತ್ತು. ಅದನ್ನ ಸರಿ ಮಾಡಿದ್ದ ತಪ್ಪಾತೇನು?"

"ನಮ್ಮವ್ವನ ಗೋಪುರ ಹೋತ್ರಿ."

"ನಂದೂ ಬಿಲ್ಲ ಹೋಗ್ಯಾವ. ಅಳಿಯಾರ ಮ್ಯಾಲ ಮಾತು ಬ್ಯಾಡ."

ಬಿಲ್ಲಿನ ಪ್ರತಿಗಳು ಕಪಾಟಿನ ತುಂಬ ಇದ್ದವು, ರಿಬ್ಬನ್ ಅವುಗಳಿಗೇ ಮೀಸಲಾಗಿತ್ತಲ್ಲ. ಅದನ್ನೂ ಹೇಳಿದೆ. ಆ ಒಂದು ಮಾತಿಗೆ ಅವರಿಗೆ ಸಿಟ್ಟು ಬಂತು. ನಾಳೆಯಿಂದ ಬರಬೇಡ ಎಂದರು. ಅಪ್ಪನ ಸೀರೆಯನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಲಿಲ್ಲ. ಅದನ್ನು ತಮ್ಮ ದೊಡ್ಡತನವೆಂದು ಊರಿಗೆಲ್ಲ ಹೇಳಿದರು.

ಮನೆಗೆ ಬಂದು ಅವ್ವನಿಗೆ ಹೇಳುವುದಕ್ಕೆ ನನಗೆ ಕೆಲವು ದಿನ ಬೇಕಾದವು. ಹೇಳಿದಾಗ ಅವಳು ಗದ್ದಲ ಮಾಡಲಿಲ್ಲ. ಪುಸ್ತಕದ ಅಂಗಡಿಯಿಂದ ಚೌಕುಳಿ ಹಾಳೆ ತಂದಿದ್ದೆ. ಈ ಸಲ ಕಾಗದದ ಮೇಲೆ ಬರೆಯೋಣ, ನೀನು ಹೇಳು ಎಂದೆ. ಸಣ್ಣವು ಬಂದವು, ಅವು ಹೇಗೂ ನನ್ನ ಹತ್ತಿರ ಇದ್ದವು. ಗೋಪುರಕ್ಕೆ ಬಂದಾಗ ಬುಡದ ಮೆಟ್ಟಿಲುಗಳನ್ನು ಹೇಳಿದಳು, ಮೊದಲ ಅಂತಸ್ತು ಅರ್ಧ ಹೇಳಿದಳು. ಆಮೇಲೆ ಬೆರಳುಗಳು ಗಾಳಿಯಲ್ಲಿ ಎಣಿಸಿದವು, ನಿಂತವು, ಹಿಂದಕ್ಕೆ ಹೋಗಿ ಮತ್ತೆ ಎಣಿಸಿದವು.

"ಕಣ್ಣು ಬಟ್ಟಿ ಮ್ಯಾಲ ಇದ್ರ ಕೈಯೇ ಹೇಳ್ತಿತ್ತು," ಎಂದಳು.

"ನೆನಪು ಮಾಡ್ಕೋ ಅವ್ವಾ."

"ನಿನ್ನ ಮಷಿನ್ಯಾಗ ಇಟ್ಟೀವಿ ಅಂತ ನಾ ಬಿಟ್ಟುಬಿಟ್ಟೆನವಾ. ಇನ್ನ ನಾ ಯಾಕ ಹೊತ್ತುಕೊಂಡು ಕೂಡ್ಲಿ ಅಂದೆ. ರಾತ್ರಿ ಮಲಗೂಮುಂದ ಒಂದ ಸರ್ತಿ ಎಣಿಸಿಕೊಂಡು ಮಲಗ್ತಿದ್ದೆ, ಅದನ್ನೂ ಬಿಟ್ಟೆ."

ಆಮೇಲೆ ಹಲವು ಸಲ ಕೂತೆವು. ಪ್ರತಿ ಸಲವೂ ಅಲ್ಲಿಯೇ, ಮೊದಲ ಅಂತಸ್ತಿನ ಅರ್ಧಕ್ಕೇ ನಿಂತಿತು. ಒಮ್ಮೆ ಏನೋ ಹೊಳೆದಂತಾಗಿ ಬಡಬಡನೆ ಹೇಳಿದಳು. ನಾನು ಬರೆದು ನೋಡಿದರೆ ಅದು ತುಳಸಿಕಟ್ಟೆಯ ಎಣಿಕೆ. ಅವಳಿಗೆ ಹೇಳಲಿಲ್ಲ.

ಅಳಿಯ ಮುಂದೆ ಇಳಕಲ್ಲಿನಲ್ಲೇ ಬಂದು ನೆಲೆ ನಿಂತು ಕಂಪ್ಯೂಟರ್ ಅಂಗಡಿ ಹಾಕಿದ. ಆ್ಯಂಟಿವೈರಸ್ ಸಿಡಿಗಳನ್ನು ಗಾಜಿನ ಹಿಂದೆ ಸಾಲಾಗಿ ಇಟ್ಟು ಮಾರುತ್ತಾನೆ. ಅಲ್ಲಿಗೆ ಹೋದವರಿಗೆ ನನ್ನ ಕತೆಯನ್ನು ಎಚ್ಚರಿಕೆಯ ಮಾತಾಗಿ ಹೇಳುತ್ತಾನೆ, ಇದ್ದದ್ದನ್ನು ಕಿತ್ತು ತೆಗೆದರೆ ಏನಾಗುತ್ತದೆ ನೋಡಿ ಎಂದು. ಎಷ್ಟೋ ಜನ ನನಗೇ ಬಂದು ತಿಳಿಸಿದ್ದಾರೆ. ಅವನನ್ನು ನಾನು ಕ್ಷಮಿಸಿಲ್ಲ. ಅಣ್ಣಾರರನ್ನಂತೂ ಇನ್ನೂ ಕ್ಷಮಿಸಿಲ್ಲ, ಅವರಿಗೆ ಗೊತ್ತಿತ್ತು.

ನನಗೆ ಆಮೇಲೆ ಬಾಗಲಕೋಟೆಯ ಒಂದು ಆಫೀಸಿನಲ್ಲಿ ಟೈಪಿಂಗ್ ಕೆಲಸ ಸಿಕ್ಕಿತು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕೆಲವು ವರ್ಷಗಳಾದ ಮೇಲೆ ಒಂದು ಸಂಜೆ ಇಳಕಲ್ ಬಸ್ಸಿನಲ್ಲಿ ಕೂತಿದ್ದೆ. ಅಮೀನಗಡದಲ್ಲಿ ಒಬ್ಬ ಹೆಂಗಸು ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕೂತಳು. ಮದುವೆ ಮನೆಯಿಂದ ಬಂದವಳಿರಬೇಕು, ತಲೆ ತುಂಬ ಹೂ. ಕಪ್ಪು ಸೀರೆ, ಕೆಂಪು ಸೆರಗು. ಸೆರಗು ಸೀಟಿನ ಹಿಂದಕ್ಕೆ ಇಳಿಬಿದ್ದು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಅದರ ಮೇಲೆ ಗೋಪುರವಿತ್ತು.

ಬೇರೆ ಯಾರದ್ದೂ ಅಲ್ಲ. ಬುಡದ ಮೆಟ್ಟಿಲು ನನಗೆ ಬಾಯಿಪಾಠವಾಗಿತ್ತು. ಚೀಲದಲ್ಲಿ ಪೆನ್ನಿತ್ತು, ಟಿಕೆಟ್ಟಿನ ಹಿಂದೆ, ಆಮೇಲೆ ಅಂಗೈ ಮೇಲೆ ಬರೆಯತೊಡಗಿದೆ. ಬಸ್ಸು ಕುಲುಕುತ್ತಿತ್ತು, ಎಣಿಕೆ ತಪ್ಪುತ್ತಿತ್ತು. ಸೆರಗನ್ನು ಎರಡು ಬೆರಳಿನಲ್ಲಿ ಹಿಡಿದು ನಿಲ್ಲಿಸಿಕೊಂಡು ಎಣಿಸಿದೆ. ಮೊದಲ ಅಂತಸ್ತಿನ ಅರ್ಧ ದಾಟಿದೆ, ಅವ್ವ ನಿಲ್ಲುತ್ತಿದ್ದ ಜಾಗ ದಾಟಿದೆ. ಅಲ್ಲಿ ಒಂದು ಎಳೆ ಬಿಟ್ಟು ಒಳಕ್ಕೆ ಸರಿಯಬೇಕಿತ್ತು, ಅಷ್ಟೇ. ಎರಡನೇ ಅಂತಸ್ತು ಶುರು ಮಾಡಿದೆ. ಆ ಹೆಂಗಸು ತಿರುಗಿ ನೋಡಿದಳು.

"ಏನ್ರಿ ಅದು, ಸೀರಿ ಯಾಕ ಹಿಡಕೊಂಡೀರಿ?"

"ಇದು ನಮ್ಮವ್ವ ಹಾಕಿದ್ರಿ. ಒಂದೀಟ ನೋಡಕೋತೇನಿ."

"ನಮ್ಮ ಅತ್ತಿಯವ್ರು ಸೊಲ್ಲಾಪುರದಾಗ ತಗೊಂಡಿದ್ದಿದು," ಎಂದು ಅವಳು ನನ್ನ ಅಂಗೈಯನ್ನೂ ಮುಖವನ್ನೂ ನೋಡಿದಳು. ಸೆರಗನ್ನು ಮುಂದಕ್ಕೆ ಎಳೆದು ಹೆಗಲ ಸುತ್ತ ಹೊದ್ದುಕೊಂಡಳು. ನಾನು ಇನ್ನೂ ಏನೋ ಹೇಳುತ್ತಿದ್ದೆ, ನಿಮ್ಮ ಊರು ಯಾವುದು, ಮನೆ ಎಲ್ಲಿ ಎಂದು. ಅವಳು ಕಂಡಕ್ಟರನಿಗೆ ಕೂಗಿ ಬಾಗಿಲ ಹತ್ತಿರ ಹೋಗಿ ನಿಂತಳು.

ಮನೆಗೆ ಬಂದಾಗ ಅವ್ವ ಮಂಚದ ಮೇಲೆ ಕೂತಿದ್ದಳು. ಅಂಗೈಯ ಮಸಿ ಬೆವರಿಗೆ ಹರಡುವ ಮುಂಚೆ ಅವಳ ಪಕ್ಕ ಕೂತು, ಬಸ್ಸಿನಲ್ಲಿ ಕಂಡ ಸೆರಗಿನ ಮಾತು ಹೇಳಿ, ಬುಡದಿಂದ ಓದಿದೆ. ಎರಡ ಮ್ಯಾಲ, ಒಂದ ಅಡ್ಡ. ಅವಳ ಬೆರಳುಗಳು ತೊಡೆಯ ಮೇಲೆ ನನ್ನ ಜೊತೆ ನಡೆದವು. ಅವಳು ನಿಲ್ಲುತ್ತಿದ್ದ ಜಾಗಕ್ಕೆ ಬಂದಾಗ, ಒಂದು ಎಳೆ ಬಿಟ್ಟು ಒಳಕ್ಕೆ ಎಂದೆ. "ಹೌದಲ್ಲ, ಹೌದು" ಎಂದು ನನ್ನ ಕೈ ಹಿಡಿದುಕೊಂಡಳು. ಎರಡನೇ ಅಂತಸ್ತಿನ ನಾಲ್ಕು ಹೊಲಿಗೆ ಓದಿ ನಿಲ್ಲಿಸಿದೆ. ಅವಳು ಕಾಯುತ್ತಿದ್ದಳು, ಕಾಣದ ಕಣ್ಣನ್ನು ನನ್ನ ಕಡೆ ತಿರುಗಿಸಿ.

"ಮುಂದ?" ಎಂದಳು.

"ಹುನಗುಂದ ಬಂತವ್ವ," ಎಂದೆ. "ಅಕಿ ಇಳಿದ್ಲು."